ಬೀಗದ ಚಿತ್ರದಾಚೆಗೆ: ವೆಬ್‌ಸೈಟಿನ ಸರ್ಟಿಫಿಕೇಟನ್ನು ಟರ್ಮಿನಲ್‌ನಲ್ಲಿ ತಪಾಸಣೆ ಮಾಡುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಜೂನ್ ಬಂತೆಂದರೆ ಕಾಲೇಜು ಪ್ರವೇಶದ ಗಡಿಬಿಡಿ. ವಿದ್ಯಾನಗರದ ಕಚೇರಿಯ ಕಂಪ್ಯೂಟರಿನಲ್ಲಿ ಅರ್ಜಿಯ ಪುಟ ಸಲೀಸಾಗಿ ತೆರೆಯುತ್ತದೆ. ಜಗಳೂರಿನಲ್ಲಿ ಕೂತು ಅದೇ ಸೈಟಿನ ಆ್ಯಪ್ ತೆರೆದವರಿಗೆ ಮಾತ್ರ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಸಂದೇಶ. ಇನ್ನೊಬ್ಬರ ಖಾತೆಯಿಂದ ಶುಲ್ಕದ ಹಣ ಹೋಗಿದೆ, ಆದರೆ ಪಾವತಿಯಾದ ಸುದ್ದಿ ಸೈಟಿಗೆ ತಲುಪಿಲ್ಲ. ಸೈಟು ಒಂದೇ, ಅದು ಅಸಲಿ ಸೈಟೇ ಎಂದು ತೋರಿಸುವ ಡಿಜಿಟಲ್ ಗುರುತಿನ ಕಾಗದವಾದ ಸರ್ಟಿಫಿಕೇಟೂ ಒಂದೇ, ಅನುಭವ ಮಾತ್ರ ಮೂರು ಬಗೆ. ಸೈಟು ಮಾಡಿಕೊಟ್ಟವರಿಗೆ ಫೋನ್ ಹೋದರೆ ‘ನಮ್ಮಲ್ಲಿ ಸರಿಯಾಗೇ ಇದೆಯಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಬ್ರೌಸರ್ ಅವರಿಗೆ ತೋರಿಸಿದ್ದು ಅಷ್ಟೇ.

ಸರ್ವರ್ ಮಾಡಿದ ಎಡವಟ್ಟನ್ನು ಬ್ರೌಸರ್ ಎಷ್ಟೋ ಸಲ ಸದ್ದಿಲ್ಲದೆ ತಾನೇ ಸರಿಪಡಿಸಿಕೊಂಡುಬಿಡುತ್ತದೆ. ಬೀಗದ ಚಿತ್ರ ನೋಡಿ ಜನ ಸೈಟನ್ನೇ ನಂಬಿಬಿಡುತ್ತಾರೆಂದು ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ವಿಳಾಸಪಟ್ಟಿಯಿಂದ ತೆಗೆದುಹಾಕಿತು. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ಹಾಗಲ್ಲ, ಸರ್ವರ್ ಕಳಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಮುಂದಿಡುತ್ತದೆ. ಡಿಸ್ಕಿನಲ್ಲಿ ಯಾವ ಕಡತ ಇದೆ, ಪ್ಯಾನೆಲ್‌ನಲ್ಲಿ ಯಾವ ಹಸಿರು ಗುರುತು ಇದೆ ಎನ್ನುವುದು ಆಮೇಲಿನ ಮಾತು. ಸರ್ವರ್ ಈ ಕ್ಷಣ ತಂತಿಯ ಮೇಲೆ ಏನು ಕಳಿಸುತ್ತಿದೆ ಎಂಬುದನ್ನು ಮೊದಲು ನೋಡಬೇಕು.

ಬೇಕಾದ ಸಲಕರಣೆ

ಎರಡೇ ಸಾಕು: ಸರ್ಟಿಫಿಕೇಟ್ ತರಿಸಿ ಓದುವ ಓಪನ್‌ಎಸ್‌ಎಸ್‌ಎಲ್ ಮತ್ತು ಬ್ರೌಸರಿಲ್ಲದೆ ವೆಬ್ ವಿಳಾಸ ತೆರೆಯುವ ಕರ್ಲ್. ಉಬುಂಟುವಿನಲ್ಲಿ ಸಾಮಾನ್ಯವಾಗಿ ಓಪನ್‌ಎಸ್‌ಎಸ್‌ಎಲ್ ಇದ್ದೇ ಇರುತ್ತದೆ, ಇಲ್ಲದಿದ್ದರೆ ಎಪಿಟಿ ಎಂಬ ಅದರ ಸಾಫ್ಟ್‌ವೇರ್ ಹಾಕುವ ಆಜ್ಞೆಯ ಮೂಲಕ ಹಾಕಿಕೊಳ್ಳಿ. ವಿಂಡೋಸ್‌ನವರು ಗಿಟ್ ಫಾರ್ ವಿಂಡೋಸ್ ಹಾಕಿಕೊಂಡರೆ ಅದರ ಗಿಟ್ ಬ್ಯಾಷ್ ಕಿಟಕಿಯಲ್ಲಿ ಎರಡೂ ಸಿಗುತ್ತವೆ. ಪವರ್‌ಶೆಲ್‌ನಲ್ಲಿ ಈ ಆಜ್ಞೆಗಳನ್ನು ಹೊಡೆಯಲು ಹೋಗಬೇಡಿ. ಒಳಹರಿವು ತಿರುಗಿಸುವ < ಚಿಹ್ನೆಯನ್ನು ಅದು ಒಪ್ಪುವುದೇ ಇಲ್ಲ. ಮ್ಯಾಕ್‌ನಲ್ಲಿ ಬರುವುದು ಲಿಬ್ರೆಎಸ್‌ಎಸ್‌ಎಲ್ ಎಂಬ ಬೇರೆ ಕವಲು. ಬಹುತೇಕ ಕೆಲಸ ಅದರಲ್ಲೂ ಆಗುತ್ತದೆ, ಕೆಲವು ಆಯ್ಕೆಗಳು ಇರುವುದಿಲ್ಲ.

ಇಲ್ಲಿ ಆಜ್ಞೆಗಳನ್ನು ಲ್ಯಾಬ್‌ನಲ್ಲಿ ಬಾಯಲ್ಲಿ ಹೇಳಿ ಬರೆಸುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಅಡ್ಡಗೆರೆ, ಕೋಲನ್, ಪೈಪ್, ಅಂಡರ್‌ಸ್ಕೋರ್ ಎಲ್ಲಿವೆಯೋ ಅಲ್ಲೇ ಇರಲಿ, ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ‘ಸೈಟ್‌ಹೆಸರು’ ಎಂದಿರುವಲ್ಲಿ ನಿಮ್ಮ ವಿಳಾಸ ಹಾಕಿ. ಮುಂದೆ ಎಚ್‌ಟಿಟಿಪಿಎಸ್ ಬೇಡ, ಕೊನೆಯಲ್ಲಿ ಓರೆಗೆರೆಯೂ ಬೇಡ. ಬ್ರೌಸರಿನಿಂದ ವಿಳಾಸ ಕಾಪಿ ಮಾಡಿ ಅಂಟಿಸಿದಾಗ ಆಗುವ ಮೊದಲ ತಪ್ಪು ಇದೇ.

ಆವೃತ್ತಿ ನೋಡಿಕೊಳ್ಳಿ:

```
ಓಪನ್‌ಎಸ್‌ಎಸ್‌ಎಲ್ ವರ್ಷನ್
```

1.1.1 ಅಥವಾ ಅದಕ್ಕಿಂತ ಹೊಸದಿದ್ದರೆ ಮುಂದಿನದೆಲ್ಲ ನಡೆಯುತ್ತದೆ.

ಮೊದಲ ಆಜ್ಞೆ

```
ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಸೈಟ್‌ಹೆಸರು:443 -ಸರ್ವರ್‌ನೇಮ್ ಸೈಟ್‌ಹೆಸರು < /ಡೆವ್/ನಲ್ 2> /ಡೆವ್/ನಲ್ | ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಸಬ್ಜೆಕ್ಟ್ -ಇಶ್ಯೂಯರ್ -ಡೇಟ್ಸ್ -ಎಕ್ಸ್ಟ್ ಸಬ್ಜೆಕ್ಟ್‌ಆಲ್ಟ್‌ನೇಮ್
```

ಕೊನೆಯ ಪದದಲ್ಲಿ ‘ಆಲ್ಟ್’ ಮತ್ತು ‘ನೇಮ್’ ಇವೆರಡರ ಮೊದಲ ಅಕ್ಷರ ದೊಡ್ಡದು. ‘ಎಕ್ಸ್ಟ್’ ಎಂದರೆ ಎಕ್ಸ್‌ಟೆನ್ಷನ್‌ನ ಮೊದಲ ಮೂರು ಅಕ್ಷರ.

ಪೈಪಿನ ಎಡಗಡೆಯದು ಸರ್ವರ್ ಜೊತೆ ಕೈಕುಲುಕಿ ಸರ್ಟಿಫಿಕೇಟ್ ತರುತ್ತದೆ, ಬಲಗಡೆಯದು ಅದನ್ನು ಓದಿ ಹೇಳುತ್ತದೆ. 443 ಎಚ್‌ಟಿಟಿಪಿಎಸ್‌ನ ಬಾಗಿಲು. ‘ಸರ್ವರ್‌ನೇಮ್’ ಏಕೆಂದರೆ, ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ವಿಳಾಸದ ಹಿಂದೆ ನೂರಾರು ಸೈಟುಗಳಿರುತ್ತವೆ. ಯಾರ ಮನೆಗೆ ಬಂದಿದ್ದೀರೆಂದು ಬಾಗಿಲಲ್ಲೇ ಹೇಳದಿದ್ದರೆ ಸರ್ವರ್ ತನ್ನ ಡಿಫಾಲ್ಟ್ ಸೈಟಿನ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತದೆ. 1.1.1ರಿಂದ ಈಚೆಗೆ ಓಪನ್‌ಎಸ್‌ಎಸ್‌ಎಲ್ ಈ ಹೆಸರನ್ನು ತಾನಾಗಿಯೇ ಕಳಿಸುತ್ತದೆ. ಆದರೂ ಬರೆಯುವ ರೂಢಿ ಇಟ್ಟುಕೊಳ್ಳಿ, ಮುಂದೆ ಐಪಿ ವಿಳಾಸದಿಂದ ಪರೀಕ್ಷೆ ಮಾಡುವಾಗ ಅದಿಲ್ಲದೆ ಆಗುವುದಿಲ್ಲ.

‘< /ಡೆವ್/ನಲ್’ (ಖಾಲಿ ಒಳಹರಿವು ಕೊಡುವ ಭಾಗ) ಬಿಟ್ಟರೆ ಕರ್ಸರ್ ಮಿಟುಕುತ್ತಾ ನಿಂತುಬಿಡುತ್ತದೆ. ಹ್ಯಾಂಗ್ ಆಯಿತೆಂದು ಗಾಬರಿ ಬೇಡ. ಸಂಪರ್ಕ ಆಗಿದೆ, ನೀವೇನಾದರೂ ಟೈಪ್ ಮಾಡುತ್ತೀರೆಂದು ಅದು ಕಾಯುತ್ತಿದೆ, ಅಷ್ಟೇ. ಇನ್ನು ‘ಸರ್ಟಿಫಿಕೇಟ್ ಓದಲಾಗಲಿಲ್ಲ’ ಎಂಬ ಅರ್ಥದ ದೂರು ಬಂದರೆ ಅದು ಬಲಗಡೆಯವನ ಅಳಲು. ಎಡಗಡೆಯಿಂದ ಅವನಿಗೆ ಏನೂ ಬಂದಿಲ್ಲ. ಆಗ ‘2> /ಡೆವ್/ನಲ್’ (ದೋಷದ ಸಂದೇಶಗಳನ್ನು ಮುಚ್ಚಿಡುವ ಭಾಗ) ತೆಗೆದು ಮತ್ತೆ ಓಡಿಸಿ. ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲಿ ಹೆಸರೇ ಸಿಗಲಿಲ್ಲವೋ, ಬಾಗಿಲು ಮುಚ್ಚಿದೆಯೋ, ಉತ್ತರ ಬರದೆ ಸಮಯ ಮೀರಿತೋ ಎಂಬ ನಿಜವಾದ ಕಾರಣ ಅಲ್ಲಿ ಕಾಣುತ್ತದೆ.

ಅಭ್ಯಾಸಕ್ಕೆ ಜಿಲ್ಲಾಡಳಿತದ ತಾಣಗಳನ್ನೇ ತೆಗೆದುಕೊಳ್ಳಬಹುದು: ಚಿತ್ರದುರ್ಗ ಅಥವಾ ದಾವಣಗೆರೆ, ಡಾಟ್ ಎನ್‌ಐಸಿ ಡಾಟ್ ಇನ್. ಸರ್ಟಿಫಿಕೇಟ್ ಕೇಳುವವರಿಗೆಲ್ಲ ಕೊಡುವ ಸಾರ್ವಜನಿಕ ಕಾಗದ, ಅದನ್ನು ಓದಿದರೆ ಯಾರ ಸರ್ವರಿಗೂ ತೊಂದರೆಯಿಲ್ಲ. ಕೆಟ್ಟಿರುವುದು ಹೇಗೆ ಕಾಣುತ್ತದೆ ಎಂದು ನೋಡಲು ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಇದೆ. ಅದರ ಹೆಸರಿನ ಮುಂದೆ ‘ಎಕ್ಸ್‌ಪೈರ್ಡ್’, ‘ಸೆಲ್ಫ್-ಸೈನ್ಡ್’, ‘ರಾಂಗ್ ಡಾಟ್ ಹೋಸ್ಟ್’ ಎಂದು ಸೇರಿಸಿದರೆ ಬೇಕೆಂದೇ ಕೆಡಿಸಿಟ್ಟ ಒಂದೊಂದು ಮಾದರಿ ಸಿಗುತ್ತದೆ.

ಹೆಸರು

ಬಂದ ಸಾಲುಗಳಲ್ಲಿ ಮೊದಲು ನೋಡಬೇಕಾದ್ದು ಸಬ್ಜೆಕ್ಟ್ ಅಲ್ಲ, ಕೊನೆಯಲ್ಲಿರುವ ಡಿಎನ್‌ಎಸ್ ಹೆಸರುಗಳ ಪಟ್ಟಿ. ಸಬ್ಜೆಕ್ಟಿನ ಸಿಎನ್ (ಕಾಮನ್ ನೇಮ್) ಜಾಗದಲ್ಲಿರುವ ಹೆಸರನ್ನು ಕ್ರೋಮ್ 2017ರಲ್ಲಿ ಬಂದ 58ನೇ ಆವೃತ್ತಿಯಿಂದ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಕ್ಷತ್ರ ಹಾಕಿದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಕೊಂಡವರು ಎಡವುವುದು ಇಲ್ಲೇ. ನಕ್ಷತ್ರ ಒಂದೇ ಒಂದು ಹಂತಕ್ಕೆ ಸಲ್ಲುತ್ತದೆ. ಕಾಲೇಜಿನ ಹೆಸರಿನ ಮುಂದೆ ‘ಅಡ್ಮಿಷನ್’ ಸೇರಿಸಿದರೆ ಸರಿ. ‘ಪಿಜಿ ಡಾಟ್ ಅಡ್ಮಿಷನ್’ ಎಂದು ಎರಡು ಹಂತ ಸೇರಿಸಿದರೆ ಸಲ್ಲದು. ಮುಂದೆ ಏನೂ ಇಲ್ಲದ ಬರೀ ಹೆಸರಿಗೂ ಸಲ್ಲದು, ಅದು ಪಟ್ಟಿಯಲ್ಲಿ ಬೇರೆಯಾಗಿಯೇ ಇರಬೇಕು. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಹಾಕಿದಾಗ ತೆರೆಯುವ ಸೈಟು ಹಾಕದಿದ್ದಾಗ ಕೆಂಪು ಪುಟ ತೋರಿಸುವುದಕ್ಕೆ ಇದೇ ಕಾರಣ.

ಕನ್ನಡದಲ್ಲೇ ವಿಳಾಸ ಪಡೆದು ‘ಡಾಟ್ ಭಾರತ’ ಎಂದು ಮುಗಿಸಿದವರಿಗೊಂದು ಮಾತು. ಸರ್ಟಿಫಿಕೇಟಿನೊಳಗೆ ಕನ್ನಡ ಅಕ್ಷರ ಹುಡುಕಬೇಡಿ. ಅಲ್ಲಿರುವುದು ಪ್ಯೂನಿಕೋಡ್ ರೂಪ, ಪ್ರತಿ ಭಾಗವೂ ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುತ್ತದೆ. ಐಡಿಎನ್2 ಎಂಬ ಸಣ್ಣ ಸಲಕರಣೆಗೆ ಕನ್ನಡ ಹೆಸರು ಕೊಟ್ಟರೆ ಆ ರೂಪ ಹೇಳುತ್ತದೆ, ಅದರ ಜೊತೆ ತಾಳೆ ನೋಡಿ. ಒತ್ತಕ್ಷರದ ನಡುವೆ ಕಣ್ಣಿಗೆ ಕಾಣದ ಜೋಡಣೆ ಅಕ್ಷರ ಹೊಕ್ಕಿದ್ದರೆ ನೋಡಲು ಒಂದೇ ತರಹದ ಎರಡು ಹೆಸರು ಬೇರೆ ಬೇರೆ ಪ್ಯೂನಿಕೋಡ್ ಆಗಬಹುದು.

ದಿನಾಂಕ

‘ನಾಟ್‌ಬಿಫೋರ್’ ಮತ್ತು ‘ನಾಟ್‌ಆಫ್ಟರ್’ ಎಂಬ ಎರಡು ಸಾಲು. ಎರಡೂ ಗ್ರೀನಿಚ್ ಸಮಯ. 30ನೇ ತಾರೀಖು 23:59:59ಕ್ಕೆ ಮುಗಿಯುತ್ತದೆ ಎಂದಿದ್ದರೆ ನಮಗೆ ಮರುದಿನ ಬೆಳಗಿನ 5:29:59. ‘ಇವತ್ತೇ ಮುಗಿದುಹೋಯಿತು’ ಎಂದು ಸಂಜೆ ಆರಕ್ಕೆ ತಲೆ ಕೆಡಿಸಿಕೊಂಡವರಿಗೆ ಇನ್ನೂ ಒಂದು ರಾತ್ರಿ ಉಳಿದಿರುತ್ತದೆ.

ಎಷ್ಟು ದಿನ ಉಳಿದಿದೆ ಎಂದು ಯಂತ್ರದಿಂದಲೇ ಕೇಳಲು ಬಲಗಡೆಯ ಆಜ್ಞೆಯಲ್ಲಿ ‘-ನೋಔಟ್’ ಆದ ಮೇಲಿನದನ್ನೆಲ್ಲ ಬಿಟ್ಟು ಇದನ್ನು ಹಾಕಿ:

```
-ಚೆಕ್‌ಎಂಡ್ 1728000
```

ಸಂಖ್ಯೆ ಸೆಕೆಂಡಿನ ಲೆಕ್ಕ. 86400ರಿಂದ ಭಾಗಿಸಿದರೆ 20 ದಿನ. ಅಷ್ಟರೊಳಗೆ ಮುಗಿಯುವುದಿಲ್ಲ ಎಂದಾದರೆ ನಿರ್ಗಮನ ಸಂಖ್ಯೆ 0, ಮುಗಿಯುತ್ತದೆ ಎಂದಾದರೆ 1. 20 ದಿನವೇ ಏಕೆ? ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮಾಮೂಲಿ ಸರ್ಟಿಫಿಕೇಟ್ 90 ದಿನದ್ದು, ಅದನ್ನು ತಾನಾಗಿ ತಂದು ಹಾಕುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಮ್ ಅದನ್ನು 30 ದಿನ ಉಳಿದಿರುವಾಗ ನವೀಕರಿಸುತ್ತದೆ. 20ಕ್ಕೆ ಇಳಿದಿದೆ ಎಂದರೆ ಹತ್ತು ದಿನದಿಂದ ನವೀಕರಣ ಸೋಲುತ್ತಲೇ ಇದೆ ಎಂದರ್ಥ. ಕಾರಣ ಹೆಚ್ಚಾಗಿ ಒಂದೇ: ‘ಸುರಕ್ಷತೆಗೆ’ ಎಂದು ಯಾರೋ ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಿರುತ್ತಾರೆ. ಕಡತವಿಟ್ಟು ಒಡೆತನ ಸಾಬೀತು ಮಾಡುವ ಪರೀಕ್ಷೆ ಆ ಬಾಗಿಲಿನಿಂದಲೇ ನಡೆಯುವುದು. ‘ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್’ ಓಡಿಸಿದರೆ ಏನನ್ನೂ ಬದಲಿಸದೆ ಕಾರಣ ಹೇಳುತ್ತದೆ.

ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಇಮೇಲ್ ಬರುತ್ತದೆಂದು ನೆಚ್ಚಿಕೊಂಡಿದ್ದರೆ ಬಿಟ್ಟುಬಿಡಿ, ಆ ಸೇವೆ 2025ರ ಜೂನ್ 4ಕ್ಕೆ ನಿಂತಿದೆ. ದುಡ್ಡು ಕೊಟ್ಟು ಕೊಳ್ಳುವ ಸರ್ಟಿಫಿಕೇಟ್‌ಗಳ ಆಯುಷ್ಯವೂ ಕುಗ್ಗುತ್ತಿದೆ. 2020ರ ಸೆಪ್ಟೆಂಬರ್‌ನಿಂದ 398 ದಿನ ಇದ್ದ ಗರಿಷ್ಠ ಮಿತಿಯನ್ನು 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಸಲು, ಸರ್ಟಿಫಿಕೇಟ್ ಕೊಡುವವರ ಮತ್ತು ಬ್ರೌಸರ್ ಕಂಪನಿಗಳ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದೆ. ವರ್ಷಕ್ಕೊಮ್ಮೆ ಕ್ಯಾಲೆಂಡರ್ ನೋಡಿ ಕೈಯಾರೆ ಹಾಕುವ ಪದ್ಧತಿಗೆ ಇನ್ನು ಉಳಿಗಾಲವಿಲ್ಲ.

ಸರಪಳಿ: ಹೆಚ್ಚಿನ ತೊಂದರೆ ಇರುವುದು ಇಲ್ಲೇ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವ ವರ್ತಕರ ತೂಕದ ಬಟ್ಟನ್ನು ಕಾನೂನು ಮಾಪನ ಇಲಾಖೆಯ ನಿರೀಕ್ಷಕರು ತಮ್ಮಲ್ಲಿರುವ ಮಾನಕದ ಜೊತೆ ಹೋಲಿಸಿ ಮುದ್ರೆ ಒತ್ತುತ್ತಾರೆ. ಅವರ ಮಾನಕವನ್ನು ಅದಕ್ಕಿಂತ ಮೇಲಿನ ಮಾನಕದ ಜೊತೆ ಹೋಲಿಸಿರುತ್ತಾರೆ. ಹೀಗೇ ಏರುತ್ತಾ ಹೋದರೆ ರಾಷ್ಟ್ರೀಯ ಮೂಲಮಾನಕ ಸಿಗುತ್ತದೆ. ರೈತ ನಂಬುವುದು ತುದಿಯ ಮೂಲಮಾನಕವನ್ನು, ಅವನ ಕಣ್ಣೆದುರಿಗಿರುವುದು ಬುಡದ ಬಟ್ಟು. ನಡುವಿನ ಒಂದು ಹಂತದ ದಾಖಲೆ ಕಾಣೆಯಾದರೆ ಬಟ್ಟು ಸರಿಯಿದ್ದರೂ ಅದು ಸರಿಯೆಂದು ತೋರಿಸಲು ದಾರಿಯಿಲ್ಲ. ಸೈಟಿನ ಸರ್ಟಿಫಿಕೇಟ್, ಅದಕ್ಕೆ ಸಹಿ ಮಾಡಿದ ಇಂಟರ್‌ಮೀಡಿಯೆಟ್, ಅದಕ್ಕೆ ಸಹಿ ಮಾಡಿದ ರೂಟ್, ಈ ಮೂರರ ಲೆಕ್ಕವೂ ಹೀಗೇ. ರೂಟ್ ನೋಡುವವರ ಯಂತ್ರದಲ್ಲಿ ಮೊದಲೇ ಇರುತ್ತದೆ. ಮಿಕ್ಕಿದ್ದನ್ನು ಸರ್ವರ್ ಕಳಿಸಬೇಕು. ಸೈಟಿನದನ್ನು ಮಾತ್ರ ಕಳಿಸಿ ಇಂಟರ್‌ಮೀಡಿಯೆಟ್ ಮರೆತ ಸರ್ವರ್‌ಗಳಿಂದಲೇ ಮೊದಲು ಹೇಳಿದ ಜೂನ್ ತಿಂಗಳ ಗೋಳು ಹುಟ್ಟುವುದು.

ಕಳಿಸಿದ್ದನ್ನೆಲ್ಲ ನೋಡಲು:

```
ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಸೈಟ್‌ಹೆಸರು:443 -ಸರ್ವರ್‌ನೇಮ್ ಸೈಟ್‌ಹೆಸರು -ಶೋಸರ್ಟ್ಸ್ < /ಡೆವ್/ನಲ್
```

ಮೇಲ್ಭಾಗದಲ್ಲಿ ‘ಸರ್ಟಿಫಿಕೇಟ್ ಚೈನ್’ ಎಂಬ ತಲೆಬರಹದ ಕೆಳಗೆ 0, 1 ಎಂದು ಸಂಖ್ಯೆಗಳು. ಪ್ರತಿ ಸಂಖ್ಯೆಗೆ ‘ಎಸ್:’ ಸಾಲು ಇದು ಯಾರದ್ದು ಎನ್ನುತ್ತದೆ, ‘ಐ:’ ಸಾಲು ಸಹಿ ಮಾಡಿದವರು ಯಾರು ಎನ್ನುತ್ತದೆ. 3.0ರಿಂದ ಮುಂದಿನ ಆವೃತ್ತಿಗಳಲ್ಲಿ ಕೀಲಿಯ ಬಗೆ ಹೇಳುವ ‘ಎ:’ ಮತ್ತು ಅವಧಿ ಹೇಳುವ ‘ವಿ:’ ಸಾಲುಗಳೂ ಬರುತ್ತವೆ. 0ಯ ‘ಐ:’ ಸಾಲು 1ರ ‘ಎಸ್:’ ಸಾಲಿನ ಜೊತೆ ಅಕ್ಷರಕ್ಕೆ ಅಕ್ಷರ ಕೂಡಬೇಕು. 0 ಒಂದೇ ಇದ್ದು, ಅದರ ‘ಎಸ್:’ ಮತ್ತು ‘ಐ:’ ಬೇರೆ ಬೇರೆಯಾಗಿದ್ದರೆ ಇಂಟರ್‌ಮೀಡಿಯೆಟ್ ಕಾಣೆ. ಎರಡೂ ಒಂದೇ ಆಗಿದ್ದರೆ ಅದು ಸ್ವಯಂ ಸಹಿ ಮಾಡಿಕೊಂಡ ಸರ್ಟಿಫಿಕೇಟ್.

ಕೆಳಭಾಗದಲ್ಲಿ ‘ವೆರಿಫೈ ರಿಟರ್ನ್ ಕೋಡ್’ ಎಂಬ ಸಾಲಿದೆ. ಅಲ್ಲಿನ ಸಂಖ್ಯೆಯನ್ನು ಹೀಗೆ ಓದಿ:

21 ಎಂದರೆ ಮೊದಲ ಸರ್ಟಿಫಿಕೇಟನ್ನೇ ಪರಿಶೀಲಿಸಲಾಗಲಿಲ್ಲ. ಬಹುತೇಕ ಇಂಟರ್‌ಮೀಡಿಯೆಟ್ ಕಳಿಸಿಲ್ಲ.
20 ಎಂದರೆ ಸಹಿ ಮಾಡಿದವರು ಸ್ಥಳೀಯ ಪಟ್ಟಿಯಲ್ಲಿ ಸಿಗಲಿಲ್ಲ. ಸರಪಳಿ ಬಂದಿದೆ, ಆದರೆ ತುದಿಯ ರೂಟ್ ನಿಮ್ಮ ಯಂತ್ರದಲ್ಲಿಲ್ಲ.
18 ಸ್ವಯಂ ಸಹಿ. 19 ಎಂದರೆ ಸರಪಳಿಯ ತುದಿಯಲ್ಲಿ ನಿಮ್ಮ ಯಂತ್ರ ನಂಬದ ರೂಟ್ ಇದೆ.
10 ಅವಧಿ ಮುಗಿದಿದೆ. 9 ಅವಧಿ ಇನ್ನೂ ಶುರುವಾಗಿಲ್ಲ.

0 ಬಂದರೆ ಎಲ್ಲ ಸರಿ ಎಂದುಕೊಂಡೀರಿ ಜೋಕೆ. ಸರಪಳಿ ಮತ್ತು ದಿನಾಂಕ ಸರಿಯಿದೆ ಎಂದಷ್ಟೇ ಅದರ ಅರ್ಥ. ಎಸ್_ಕ್ಲೈಂಟ್ ಹೆಸರನ್ನು ತಾನಾಗಿ ತಾಳೆ ನೋಡುವುದಿಲ್ಲ. ಬೇರೆಯವರ ಸರ್ಟಿಫಿಕೇಟ್ ಬಂದಿದ್ದರೂ ಖುಷಿಯಿಂದ 0 ಎನ್ನುತ್ತದೆ. ಹೆಸರನ್ನೂ ನೋಡು ಎಂದು ಹೇಳಬೇಕು:

```
-ವೆರಿಫೈ_ಹೋಸ್ಟ್‌ನೇಮ್ ಸೈಟ್‌ಹೆಸರು
```

ಆಗ ಹೆಸರು ಕೂಡದಿದ್ದರೆ 62 ಬರುತ್ತದೆ. ಈ ಆಯ್ಕೆಯಿಲ್ಲದೆ ‘ಓಪನ್‌ಎಸ್‌ಎಸ್‌ಎಲ್‌ನಲ್ಲಿ ಓಕೆ ಬಂತು’ ಎಂದು ಕಳಿಸುವ ಸ್ಕ್ರೀನ್‌ಶಾಟ್‌ಗೆ ಅರ್ಧ ಬೆಲೆ.

ಹಾಗಾದರೆ ಇಂಟರ್‌ಮೀಡಿಯೆಟ್ ಇಲ್ಲದೆಯೂ ಕಚೇರಿಯ ಕಂಪ್ಯೂಟರಿನಲ್ಲಿ ಸೈಟು ಹೇಗೆ ತೆರೆಯಿತು? ಸೈಟಿನ ಸರ್ಟಿಫಿಕೇಟಿನೊಳಗೇ ಸಹಿ ಮಾಡಿದವರ ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ ಎಂಬ ವಿಳಾಸ ಇರುತ್ತದೆ. ಕ್ರೋಮ್, ಎಡ್ಜ್, ಸಫಾರಿ ಅಲ್ಲಿಗೆ ಹೋಗಿ ಇಳಿಸಿಕೊಂಡು ಬರುತ್ತವೆ. ಫೈರ್‌ಫಾಕ್ಸ್ ತನಗೆ ಗೊತ್ತಿರುವ ಇಂಟರ್‌ಮೀಡಿಯೆಟ್‌ಗಳನ್ನು ಮೊದಲೇ ತುಂಬಿಕೊಂಡಿರುತ್ತದೆ. ಕರ್ಲ್, ಪೈಥಾನ್, ಪಿಎಚ್‌ಪಿ, ಬಹುಪಾಲು ಆ್ಯಪ್‌ಗಳು ಈ ಉಪಕಾರ ಮಾಡುವುದಿಲ್ಲ. ಪಾವತಿ ಗೇಟ್‌ವೇ ನಿಮ್ಮ ಸೈಟಿಗೆ ‘ಹಣ ಬಂತು’ ಎಂದು ಹೇಳಲು ಬರುವುದೂ ಬ್ರೌಸರಿನಿಂದಲ್ಲ, ಇಂಥದೇ ಪ್ರೋಗ್ರಾಮಿನಿಂದ. ಅದು ಅರ್ಧ ಸರಪಳಿ ನೋಡಿ ವಾಪಸು ಹೋಗುತ್ತದೆ.

ಕಾಣೆಯಾದ ಕೊಂಡಿ ಸೇರಿಸುವುದು

ಮೊದಲು ಸುಲಭದ ಕಾರಣ ನೋಡಿ. ಸರ್ಟ್‌ಬಾಟ್ ನಾಲ್ಕು ಕಡತ ಇಡುತ್ತದೆ: ಸರ್ಟ್, ಚೈನ್, ಫುಲ್‌ಚೈನ್, ಪ್ರೈವ್‌ಕೀ, ಎಲ್ಲಕ್ಕೂ ಪಿಇಎಂ ಎಂಬ ಬಾಲ. ಎನ್‌ಜಿನ್ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಮಿನ ಸೆಟ್ಟಿಂಗ್ ಕಡತದ ‘ಎಸ್‌ಎಸ್‌ಎಲ್_ಸರ್ಟಿಫಿಕೇಟ್’ ಸಾಲಿನಲ್ಲಿ ಇರಬೇಕಾದ್ದು ಫುಲ್‌ಚೈನ್. ಹೆಸರು ನೋಡಿ ‘ಸರ್ಟ್’ ಹಾಕಿಬಿಟ್ಟಿದ್ದರೆ ಆ ಒಂದು ಪದ ಬದಲಿಸಿದರೆ ಕೆಲಸ ಮುಗಿಯಿತು. ಸಿಪ್ಯಾನೆಲ್ ಎಂಬ ಹೋಸ್ಟಿಂಗ್ ನಿರ್ವಹಣಾ ಪುಟದಲ್ಲಾದರೆ ‘ಸಿಎ ಬಂಡಲ್’ ಎಂಬ ಮೂರನೇ ಪೆಟ್ಟಿಗೆ ಖಾಲಿ ಬಿಟ್ಟಿರುತ್ತಾರೆ. ಕೊಂಡ ಜಿಪ್ ಕಡತದೊಳಗಿನ ಬಂಡಲ್ ಅನ್ನು ಅಲ್ಲಿ ಅಂಟಿಸಬೇಕು.

ಜಿಪ್ ಕಳೆದುಹೋಗಿದ್ದರೆ ಸರ್ಟಿಫಿಕೇಟಿನೊಳಗಿನ ವಿಳಾಸದಿಂದಲೇ ತರಬಹುದು. ಎಕ್ಸ್509 ಆಜ್ಞೆಗೆ ‘-ಟೆಕ್ಸ್ಟ್’ ಕೊಟ್ಟು ‘ಸಿಎ ಇಶ್ಯೂಯರ್ಸ್’ ಎಂಬ ಸಾಲು ಹುಡುಕಿ, ಅಲ್ಲಿರುವ ಕೊಂಡಿಯನ್ನು ಕರ್ಲ್‌ನಲ್ಲಿ ಇಳಿಸಿಕೊಳ್ಳಿ. ಬಂದದ್ದು ಸಾಮಾನ್ಯವಾಗಿ ಡಿಇಆರ್ ಎಂಬ ಬೈನರಿ ರೂಪ, ಅದನ್ನು ಪಿಇಎಂ ಎಂಬ ಪಠ್ಯರೂಪಕ್ಕೆ ತಿರುಗಿಸಿ:

```
ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ಇನ್‌ಫಾರ್ಮ್ ಡಿಇಆರ್ -ಇನ್ ಇಳಿಸಿದಕಡತ -ಔಟ್ ಇಂಟರ್.ಪಿಇಎಂ
```

ಸೇರಿಸುವ ಮೊದಲು ಕೂಡುತ್ತದೆಯೇ ನೋಡಿ:

```
ಓಪನ್‌ಎಸ್‌ಎಸ್‌ಎಲ್ ವೆರಿಫೈ -ಅನ್‌ಟ್ರಸ್ಟೆಡ್ ಇಂಟರ್.ಪಿಇಎಂ ಸೈಟ್.ಪಿಇಎಂ
```

ಇಲ್ಲಿ ಸೈಟ್.ಪಿಇಎಂ ಎಂದರೆ ನಿಮ್ಮ ಸೈಟಿನ ಸರ್ಟಿಫಿಕೇಟ್ ಇರುವ ಕಡತ. ‘ಓಕೆ’ ಬರಬೇಕು. ಫುಲ್‌ಚೈನ್ ಕಡತ ಒಂದನ್ನೇ ‘ವೆರಿಫೈ’ಗೆ ಕೊಟ್ಟು ಸೋತಿತೆಂದು ಹೇಳುವವರಿದ್ದಾರೆ. ಆ ಆಜ್ಞೆ ಕಡತದ ಮೊದಲ ಸರ್ಟಿಫಿಕೇಟನ್ನಷ್ಟೇ ಪರೀಕ್ಷೆಗೆ ತೆಗೆದುಕೊಳ್ಳುತ್ತದೆ, ಕೆಳಗಿನ ಇಂಟರ್‌ಮೀಡಿಯೆಟ್ ಅದರ ಕಣ್ಣಿಗೆ ಬೀಳುವುದಿಲ್ಲ. ಸೋಲು ಕಡತದ್ದಲ್ಲ.

ಸೇರಿಸುವಾಗ ಸೈಟಿನದು ಮೇಲೆ, ಇಂಟರ್‌ಮೀಡಿಯೆಟ್ ಕೆಳಗೆ. ತಿರುವುಮುರುವಾದರೆ ಎನ್‌ಜಿನ್ಎಕ್ಸ್ ‘ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್’ ಎಂದು ಏಳುವುದೇ ಇಲ್ಲ, ಏಕೆಂದರೆ ಮೊದಲಿರುವ ಸರ್ಟಿಫಿಕೇಟಿಗೇ ಅದು ಕೀಲಿ ಹೋಲಿಸುವುದು. ಮೊದಲ ಕಡತದ ಕೊನೆಯಲ್ಲಿ ಹೊಸ ಸಾಲು ಇಲ್ಲದಿದ್ದರೆ ಒಂದರ ‘ಎಂಡ್’ ಗೆರೆಗೆ ಇನ್ನೊಂದರ ‘ಬಿಗಿನ್’ ಗೆರೆ ಅಂಟಿಕೊಂಡು ‘ಬ್ಯಾಡ್ ಎಂಡ್ ಲೈನ್’ ದೂರು ಬರುತ್ತದೆ. ಎಡಿಟರಿನಲ್ಲಿ ತೆರೆದು ನಡುವೆ ಒಮ್ಮೆ ಎಂಟರ್ ಒತ್ತಿದರೆ ಸಾಕು. ಬಳಿಕ ‘ಎನ್‌ಜಿನ್ಎಕ್ಸ್ -ಟಿ’ ಓಡಿಸಿ, ಸರಿಯೆಂದರೆ ಮಾತ್ರ ರೀಲೋಡ್ ಮಾಡಿ.

ಕರ್ಲ್‌ನಿಂದ ಕೊನೆಯ ಪರೀಕ್ಷೆ:

```
ಕರ್ಲ್ -ವಿಐ ಎಚ್‌ಟಿಟಿಪಿಎಸ್://ಸೈಟ್‌ಹೆಸರು
```

ಇಲ್ಲಿ ‘ವಿ’ ಸಣ್ಣದು, ‘ಐ’ ದೊಡ್ಡದು. ಸರಪಳಿ ಅಥವಾ ಹೆಸರು ಕೆಟ್ಟಿದ್ದರೆ ದೋಷಸಂಖ್ಯೆ 60. ಈ 60ರಿಂದ ಪಾರಾಗಲು ‘-ಕೆ’ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಪಿಎಚ್‌ಪಿ ಬರೆಯುವವರು ‘ವೆರಿಫೈಪಿಯರ್’ ಆಯ್ಕೆಯನ್ನು ಫಾಲ್ಸ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಹಣದ ವ್ಯವಹಾರವಿರುವ ಸೈಟಿನಲ್ಲಿ ಹಾಗೆ ಮಾಡುವುದು ಬಾಗಿಲು ಕೆಟ್ಟಿದೆಯೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ದಾರಿಯಲ್ಲಿ ಯಾರು ನಿಂತು ಯಾವ ಸರ್ಟಿಫಿಕೇಟ್ ತೋರಿಸಿದರೂ ಆ ಕೋಡ್ ಒಪ್ಪಿಕೊಳ್ಳುತ್ತದೆ.

ನವೀಕರಿಸಿದ್ದೇವೆ, ಆದರೂ ಹಳೆಯದೇ ಬರುತ್ತಿದೆ

ಡಿಸ್ಕಿನಲ್ಲಿ ಹೊಸ ಕಡತ ಇದೆ, ಸರ್ವರ್ ಮಾತ್ರ ಎದ್ದಾಗ ಓದಿಕೊಂಡ ಹಳೆಯದನ್ನೇ ನೆನಪಿನಲ್ಲಿಟ್ಟುಕೊಂಡು ಕೊಡುತ್ತಿದೆ. ಕಡತದ ಸೀರಿಯಲ್ ಸಂಖ್ಯೆ ನೋಡಿ, ನಂತರ ಎಸ್_ಕ್ಲೈಂಟ್ ಪೈಪಿನಿಂದ ಬಂದದ್ದರ ಸೀರಿಯಲ್ ನೋಡಿ:

```
ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಸೀರಿಯಲ್ -ಇನ್ ಫುಲ್‌ಚೈನ್.ಪಿಇಎಂ
```

ಎರಡೂ ಬೇರೆಯಾದರೆ ರೀಲೋಡ್ ಆಗಿಲ್ಲ. ಸರ್ಟ್‌ಬಾಟ್‌ಗೆ ‘ಡಿಪ್ಲಾಯ್-ಹುಕ್’ ಆಯ್ಕೆಯಲ್ಲಿ ರೀಲೋಡ್ ಆಜ್ಞೆ ಕೊಟ್ಟಿಟ್ಟರೆ ಮುಂದಿನ ಸಲದಿಂದ ತಾನೇ ಮಾಡುತ್ತದೆ.

ರೀಲೋಡ್ ಆದರೂ ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು ಬರುತ್ತಿದ್ದರೆ ಹೆಸರಿಗೆ ಒಂದಕ್ಕಿಂತ ಹೆಚ್ಚು ವಿಳಾಸಗಳಿವೆ ಎಂದೇ ಲೆಕ್ಕ. ನಮ್ಮ ಕಡೆ ಹೆಚ್ಚಾಗಿ ಕಾಣುವ ವಿಚಿತ್ರ ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸದ್ದು. ಸೈಟನ್ನು ಹೊಸ ಸರ್ವರಿಗೆ ಸಾಗಿಸುವಾಗ ಡಿಎನ್‌ಎಸ್‌ನಲ್ಲಿ ಹಳೆಯ ಬಗೆಯ ಐಪಿವಿ4 ವಿಳಾಸವಿರುವ ಎ ದಾಖಲೆ ಬದಲಿಸಿ, ಐಪಿವಿ6 ವಿಳಾಸವಿರುವ ಕ್ವಾಡ್-ಎ ದಾಖಲೆ ಮರೆತಿರುತ್ತಾರೆ. ಕಚೇರಿಯ ಬ್ರಾಡ್‌ಬ್ಯಾಂಡ್ ಐಪಿವಿ4ರಲ್ಲಿ ಹೊಸ ಸರ್ವರಿಗೆ ಹೋಗುತ್ತದೆ. ಜಿಯೋದಂಥ ಮೊಬೈಲ್ ಜಾಲ ಐಪಿವಿ6ಕ್ಕೆ ಮೊದಲ ಆದ್ಯತೆ ಕೊಡುವುದರಿಂದ ಹಳೆಯ ಸರ್ವರಿಗೆ, ಅಲ್ಲಿರುವ ಅವಧಿ ಮುಗಿದ ಸರ್ಟಿಫಿಕೇಟಿಗೆ ಹೋಗಿ ಬೀಳುತ್ತದೆ. ಎಸ್_ಕ್ಲೈಂಟ್‌ಗೆ ಒಮ್ಮೆ ‘-4’, ಒಮ್ಮೆ ‘-6’ ಸೇರಿಸಿ ಓಡಿಸಿ. ‘-6’ ಪರೀಕ್ಷೆಗೆ ನಿಮ್ಮ ಸಂಪರ್ಕವೂ ಐಪಿವಿ6 ಇರಬೇಕು, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳುವುದೇ ಸುಲಭ. ಲೋಡ್ ಬ್ಯಾಲೆನ್ಸರ್ ಹಿಂದೆ ಹಲವು ಸರ್ವರ್‌ಗಳಿದ್ದರೆ ‘-ಕನೆಕ್ಟ್’ನಲ್ಲಿ ಒಂದೊಂದೇ ಐಪಿ ಕೊಟ್ಟು ‘-ಸರ್ವರ್‌ನೇಮ್’ನಲ್ಲಿ ಸೈಟ್‌ಹೆಸರನ್ನೇ ಇಟ್ಟು ನೋಡಿ.

ತಪ್ಪು ಸರ್ವರಿನದಲ್ಲ, ನೋಡುವವರದು

ಕಾಲೇಜಿನ ಲ್ಯಾಬ್ ಅಥವಾ ಬ್ಯಾಂಕಿನ ಶಾಖೆಯಿಂದ ಯಾವ ಸೈಟು ನೋಡಿದರೂ 19 ಅಥವಾ 20 ಬರುತ್ತಿದ್ದರೆ ‘ಇಶ್ಯೂಯರ್’ ಸಾಲು ಓದಿ. ಅಲ್ಲಿ ಲೆಟ್ಸ್ ಎನ್‌ಕ್ರಿಪ್ಟ್, ಡಿಜಿಸರ್ಟ್ ಅಥವಾ ಬೆಂಗಳೂರಿನ ಇಮುದ್ರಾ ಸಂಸ್ಥೆಯ ಇಎಂಸೈನ್‌ನಂಥ ಹೆಸರಿನ ಬದಲು ಫೈರ್‌ವಾಲ್ ಕಂಪನಿಯ ಅಥವಾ ಸಂಸ್ಥೆಯದೇ ಹೆಸರಿದ್ದರೆ ನಡುವಿನ ಪೆಟ್ಟಿಗೆ ಸಂಚಾರವನ್ನು ಬಿಚ್ಚಿ ನೋಡಿ ತನ್ನ ಸಹಿ ಹಾಕಿ ಮುಂದಕ್ಕೆ ಕಳಿಸುತ್ತಿದೆ. ಹಾಟ್‌ಸ್ಪಾಟ್‌ನಿಂದ ಮತ್ತೆ ನೋಡಿ ಖಚಿತ ಮಾಡಿಕೊಳ್ಳಿ.

9 ಬಂದರೆ ಸೈಟನ್ನು ದೂರುವ ಮೊದಲು ‘ಡೇಟ್’ ಆಜ್ಞೆ ಕೊಟ್ಟು ನಿಮ್ಮ ಗಡಿಯಾರ ನೋಡಿ. ಮದರ್‌ಬೋರ್ಡಿನ ಬಟನ್ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಹತ್ತಾರು ವರ್ಷ ಹಿಂದಿನ ತಾರೀಖು ತೋರಿಸುತ್ತಿರುತ್ತದೆ. ಅದರ ಪಾಲಿಗೆ ಇಂದಿನ ಸರ್ಟಿಫಿಕೇಟ್‌ಗಳೆಲ್ಲ ಇನ್ನೂ ಹುಟ್ಟಿಲ್ಲ.

ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಐಎಸ್‌ಆರ್‌ಜಿ ರೂಟ್ ಎಕ್ಸ್1 ಇಲ್ಲ. ಬೇರೆ ರೂಟಿನ ಆಸರೆಯಿಂದ ಕೆಲವು ಕಾಲ ನಡೆಯಿತು, ಆ ಅಡ್ಡಸಹಿಯ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ತೀರಿತು. ಅಂಥ ಫೋನಿನಿಂದ ದೂರು ಬಂದರೆ ನಿಮ್ಮ ಸರ್ವರಿನಲ್ಲಿ ಸರಿಪಡಿಸಬೇಕಾದ್ದು ಏನೂ ಇಲ್ಲ.

ಇನ್ನೊಂದು ಗೊಂದಲ ಗುತ್ತಿಗೆದಾರರದು, ಲೆಕ್ಕಪರಿಶೋಧಕರದು. ಇ-ಟೆಂಡರಿಗೆ ಬಳಸುವ ಯುಎಸ್‌ಬಿ ಟೋಕನ್‌ನ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಇದೆಯಲ್ಲ, ಅದನ್ನೇ ಸೈಟಿಗೆ ಹಾಕಿಬಿಡಿ ಎನ್ನುತ್ತಾರೆ. ಆಗದು. ಡಿಎಸ್‌ಸಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ವ್ಯಕ್ತಿಯ ಸಹಿಗೆ ಕೊಟ್ಟದ್ದು, ಅದರೊಳಗೆ ಸೈಟಿನ ಹೆಸರಿಲ್ಲ. ಅದರ ಸರಪಳಿ ಏರುವ ಭಾರತೀಯ ರೂಟ್ ಫೈರ್‌ಫಾಕ್ಸ್‌ನ ಪಟ್ಟಿಯಲ್ಲೂ ಇಲ್ಲ.

ಕೀಲಿ ಯಾವುದರದ್ದು?

ಹೋಸ್ಟಿಂಗ್ ಬದಲಿಸುವಾಗ ಕೈಗೆ ನಾಲ್ಕಾರು ಕೀಲಿ ಕಡತ ಸಿಕ್ಕಿ ಯಾವುದು ಯಾವುದಕ್ಕೆ ಎಂದು ತಿಳಿಯದಾದಾಗ:

```
ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಪಬ್‌ಕೀ -ಇನ್ ಸೈಟ್.ಪಿಇಎಂ | ಓಪನ್‌ಎಸ್‌ಎಸ್‌ಎಲ್ ಎಸ್‌ಎಚ್‌ಎ256
ಓಪನ್‌ಎಸ್‌ಎಸ್‌ಎಲ್ ಪಿಕೀ -ಪಬ್‌ಔಟ್ -ಇನ್ ಕೀಲಿಕಡತ | ಓಪನ್‌ಎಸ್‌ಎಸ್‌ಎಲ್ ಎಸ್‌ಎಚ್‌ಎ256
```

ಎರಡು ಉತ್ತರವೂ ಒಂದೇ ಆದರೆ ಅವು ಜೋಡಿ. ಹಳೆಯ ಟಿಪ್ಪಣಿಗಳಲ್ಲಿ ‘ಮಾಡ್ಯುಲಸ್’ ಹೋಲಿಸಿ ಎಂದಿರುತ್ತದೆ. ಅದು ಆರ್‌ಎಸ್‌ಎ ಕೀಲಿಗೆ ಮಾತ್ರ, ಈಗ ಹೆಚ್ಚುತ್ತಿರುವ ಇಸಿಡಿಎಸ್‌ಎ ಕೀಲಿಗೆ ನಡೆಯದು. ಕೀಲಿಯನ್ನು ಯಾವುದೋ ಆನ್‌ಲೈನ್ ಪರೀಕ್ಷಾ ಪುಟದಲ್ಲಿ ಅಂಟಿಸಿದ್ದರೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ, ಆ ಕೀಲಿಯ ಕಥೆ ಮುಗಿಯಿತು. ಹೊಸದು ಮಾಡಿಕೊಳ್ಳಿ.

ಹತ್ತಾರು ಸೈಟುಗಳಿದ್ದರೆ

ಪಿ.ಜೆ. ಬಡಾವಣೆಯ ಅಂಗಡಿಗಳಿಂದ ಚಳ್ಳಕೆರೆಯ ಎಣ್ಣೆ ಗಿರಣಿಗಳವರೆಗೆ ಸೈಟು ನೋಡಿಕೊಳ್ಳುವವರು ಒಂದೊಂದನ್ನೇ ಕೈಯಿಂದ ನೋಡಲಾಗದು. ‘ಪಟ್ಟಿ’ ಎಂಬ ಕಡತದಲ್ಲಿ ಸಾಲಿಗೊಂದು ಸೈಟ್‌ಹೆಸರು ಬರೆದಿಟ್ಟು:

```
ವೈಲ್ ರೀಡ್ ಎಚ್; ಡೂ
ಟೈಮ್‌ಔಟ್ 10 ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ $ಎಚ್:443 -ಸರ್ವರ್‌ನೇಮ್ $ಎಚ್ < /ಡೆವ್/ನಲ್ 2> /ಡೆವ್/ನಲ್ | ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಚೆಕ್‌ಎಂಡ್ 1728000 > /ಡೆವ್/ನಲ್ 2>&1 || ಎಕೋ $ಎಚ್
ಡನ್ < ಪಟ್ಟಿ
```

ಮೊದಲ ಸಾಲಿನ ‘ಎಚ್’ ಒಂದೇ ಅಕ್ಷರ. 20 ದಿನದೊಳಗೆ ಮುಗಿಯುವ ಸೈಟುಗಳ, ಉತ್ತರವೇ ಕೊಡದ ಸೈಟುಗಳ ಹೆಸರು ಮಾತ್ರ ಅಚ್ಚಾಗುತ್ತದೆ. ಏನೂ ಬರದಿದ್ದರೆ ದಿನಾಂಕದ ಚಿಂತೆಯಿಲ್ಲ. ಸರಪಳಿಯನ್ನು ಈ ತುಣುಕು ನೋಡುವುದಿಲ್ಲ, ಅದಕ್ಕೆ ಇದೇ ಲೂಪಿನಲ್ಲಿ ಕರ್ಲ್ ಓಡಿಸಿ 60 ಬಂದವನ್ನು ಹೆಕ್ಕಬೇಕು.

ಇಲ್ಲಿ ಎರಡು ಬಲೆಗಳಿವೆ. ನಡುವಿನ ‘< /ಡೆವ್/ನಲ್’ ಬಿಟ್ಟುಹೋದರೆ ಮೊದಲ ಸೈಟಿನ ಎಸ್_ಕ್ಲೈಂಟ್ ಪಟ್ಟಿಯ ಉಳಿದ ಸಾಲುಗಳನ್ನೆಲ್ಲ ತನ್ನ ಒಳಹರಿವೆಂದು ನುಂಗಿಬಿಡುತ್ತದೆ. ಲೂಪ್ ಒಂದೇ ಸುತ್ತಿಗೆ ಮುಗಿದು ಎಲ್ಲ ಸರಿ ಇರುವಂತೆ ಕಾಣುತ್ತದೆ. ಪಟ್ಟಿಯನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಮಾಡಿದ್ದರೆ ಪ್ರತಿ ಸಾಲಿನ ಕೊನೆಗೆ ಕಾಣದ ಕ್ಯಾರೇಜ್ ರಿಟರ್ನ್ ಅಂಟಿರುತ್ತದೆ, ಹೆಸರು ಡಿಎನ್‌ಎಸ್‌ನಲ್ಲಿ ಸಿಗದೆ ಎಲ್ಲ ಸೈಟೂ ಕೆಟ್ಟಂತೆ ಬರುತ್ತದೆ. ‘ಡಾಸ್2ಯುನಿಕ್ಸ್’ ಒಮ್ಮೆ ಓಡಿಸಿ.

ಸ್ಕ್ರಿಪ್ಟನ್ನು ಹೇಳಿದ ಹೊತ್ತಿಗೆ ಆಜ್ಞೆ ತಾನಾಗಿ ಓಡಿಸುವ ಕ್ರಾನ್‌ನಲ್ಲಿ ದಿನಕ್ಕೊಮ್ಮೆ ಇಡಿ, ಆದರೆ ಸೈಟಿರುವ ಸರ್ವರಿನ ಮೇಲೆಯೇ ಬೇಡ. ಒಳಗಿನಿಂದ ನೋಡಿದಾಗ ಹೆಸರು ಒಳವಿಳಾಸಕ್ಕೆ ತಿರುಗಿ, ಹೊರಗಿನವರಿಗೆ ಸಿಗುವ ಸರ್ಟಿಫಿಕೇಟೇ ಬೇರೆ ಇರಬಹುದು. ಮೇಲ್ ಸರ್ವರ್ ಇದ್ದರೆ ಅದನ್ನೂ ನೋಡಿ: ಪೋರ್ಟ್ 993ಕ್ಕೆ ಇದೇ ಆಜ್ಞೆ ಸಾಕು, 587ಕ್ಕೆ ‘-ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ’ ಸೇರಿಸಬೇಕು. ವೆಬ್ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತಿದ್ದು ಮೇಲ್‌ನದು ಮಾತ್ರ ಹಳೆಯ ಪ್ರತಿಯಲ್ಲೇ ಉಳಿದುಕೊಂಡಿರುವುದು ಬಲು ಮಾಮೂಲಿ, ಏಕೆಂದರೆ ಡಿಪ್ಲಾಯ್-ಹುಕ್‌ನಲ್ಲಿ ಎನ್‌ಜಿನ್ಎಕ್ಸ್ ಹೆಸರು ಮಾತ್ರ ಬರೆದಿರುತ್ತಾರೆ. ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎಂಬ ಮೇಲ್ ಸರ್ವರ್ ಪ್ರೋಗ್ರಾಮುಗಳ ಹೆಸರುಗಳನ್ನೂ ಅಲ್ಲೇ ಸೇರಿಸಿ.